ಎರಡನೇ ಬದಿಯ ಕೊನೆಯ ಹಾಡು

ಹಾಡಿನ ಪ್ಲೇಟು ಅಚ್ಚು ಹಾಕುವ ಆ ಕಾರ್ಖಾನೆಯಲ್ಲಿ ಅವಳಿಗೆ ಕಿವಿಯಮ್ಮ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಟ್ಟವರು ಕೆಲಸ ಬಿಟ್ಟು ಹೋದರು, ಹೆಸರು ಮಾತ್ರ ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ಅದು ಅಲ್ಲೇ ಇರಲಿ. ಅವಳಿಗೆ ಮೂರನೆಯದೊಂದು ಹೆಸರೂ ಇತ್ತು. ಸಾಸಿವೆ. ಚಿಕ್ಕಂದಿನಲ್ಲಿ ಅಷ್ಟೇ ಅಷ್ಟು ಇದ್ದಳು, ಮುಟ್ಟಿದರೆ ಸಾಕು ಎಣ್ಣೆಗೆ ಬಿದ್ದವಳ ಹಾಗೆ ಚಟಪಟ ಸಿಡಿಯುತ್ತಿದ್ದಳು, ಅದಕ್ಕೆ ಅಣ್ಣ ಹಾಗೆ ಕರೆದ. ಬೇರೆ ಯಾರಾದರೂ ಕರೆದರೆ ಕಚ್ಚುತ್ತಿದ್ದಳು. ಹಾಗಾಗಿ ಆ ಹೆಸರಿಗೆ ಅವನೊಬ್ಬನೇ ವಾರಸುದಾರ, ಅವನು ಅವಳೊಂದಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ಅಣ್ಣ ಹಾಡುವವನು. ಹಾಡುವವನು ಎಂದರೆ ಶಾಲು ಹೊದ್ದು ಕೂತು ಹಾಡುವವನಲ್ಲ, ಮೂರು ತಂತಿ ಕಿತ್ತ ಗಿಟಾರಿನ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಕೂಗುವವನು. ಪಂಕ್ ರಾಕ್. ಬ್ಯಾಂಡಿನ ಹೆಸರು ಹರಕುಬಾಯಿ. ಇಪ್ಪತ್ತೊಂದನೇ ವಯಸ್ಸಿನಲ್ಲಿ ನಾಲ್ಕು ಜನ ಸೇರಿ ಒಂದು ಗ್ಯಾರೇಜಿನಲ್ಲಿ ಶುರು ಮಾಡಿದ್ದು, ಮೂವತ್ತೊಂದು ವರ್ಷವಾದರೂ ಅದೇ ನಾಲ್ಕು ಜನ. ಕೂದಲು ಹೋಯಿತು, ಹೊಟ್ಟೆ ಬಂತು, ಬ್ಯಾಂಡು ನಿಲ್ಲಲಿಲ್ಲ. ಅವರದೊಂದು ಹಠವಿತ್ತು: ಯಾವ ಹಾಡನ್ನೂ ಎರಡನೇ ಸಲ ರೆಕಾರ್ಡು ಮಾಡುವುದಿಲ್ಲ. ಒಂದೇ ಏಟಿಗೆ ಬಾರಿಸಬೇಕು, ಟೇಪಿನಲ್ಲಿ ಬಿದ್ದದ್ದು ಬಿತ್ತು. ತಾಳ ತಪ್ಪಿದರೆ ತಪ್ಪಿತು, ಮಧ್ಯದಲ್ಲಿ ಕೆಮ್ಮು ಬಂದರೆ ಬಂತು. ಕೆಮ್ಮಿಗೂ ಅಭಿಮಾನಿಗಳಿದ್ದರು.

ತಂಗಿಯ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಕರಗಿದ ಕಪ್ಪು ಪ್ಲಾಸ್ಟಿಕ್ಕಿನ ಉಂಡೆಯನ್ನು ಎರಡು ಅಚ್ಚಿನ ನಡುವೆ ಇಟ್ಟು ಯಂತ್ರ ಒಮ್ಮೆ ಅಮುಕಿದರೆ ಒಂದು ಪ್ಲೇಟು. ಯಾವುದೇ ಹೊಸ ಆಲ್ಬಮ್ ಬರಲಿ, ಮೊದಲು ಮೂರು ಪ್ಲೇಟು ಮಾತ್ರ ಹೊಡೆದು ಅವಳ ಕೋಣೆಗೆ ಕಳಿಸಬೇಕು. ಅವಳು ಕೇಳಿ ಸಹಿ ಹಾಕಿದ ಮೇಲೆಯೇ ಸಾವಿರಗಟ್ಟಲೆ ಹೊಡೆಯುವುದು, ಬ್ಯಾಂಡಿನವರ ಕೈಗೂ ಆಮೇಲೆಯೇ ಹೋಗುವುದು. ಕೋಣೆಗೆ ಕಿಟಕಿಯಿಲ್ಲ. ಗೋಡೆಗೆ ದಪ್ಪ ಸ್ಪಂಜು, ಒಂದು ಮೇಜು, ಪ್ಲೇಟು ತಿರುಗುವ ಪೆಟ್ಟಿಗೆ, ಹೆಡ್‌ಫೋನು, ಸೆಕೆಂಡು ತೋರಿಸುವ ಗಡಿಯಾರ, ಒಂದು ಕಟ್ಟು ಹಳದಿ ಕಾರ್ಡು. ಯಾವ ಬದಿ, ಯಾವ ಹಾಡು, ಎಷ್ಟನೇ ನಿಮಿಷ, ಏನು ದೋಷ. ಕೆಳಗೆ ಎರಡು ಚೌಕ: ದೋಷವಿಲ್ಲ, ತಿರಸ್ಕೃತ.

ಕೆಲಸ ಕಲಿಸಿದವಳು ಅವಳಿಗಿಂತ ಮೊದಲು ಅದೇ ಕುರ್ಚಿಯಲ್ಲಿದ್ದ ಮುದುಕಿ. ಮೊದಲ ವಾರ ಕಿವಿಯಮ್ಮನ ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಮುದುಕಿ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಹಾಡು ಕೇಳೋಕೆ ಹೊರಗೆ ಬೇಕಾದಷ್ಟು ಜನ ಇದ್ದಾರೆ ಕಣೇ, ನೀನು ಪ್ಲೇಟು ಕೇಳು ಅಂದಳು. ಹಾಡಿಗೆ ಕಿವಿ ಕೊಟ್ಟರೆ ಮನಸ್ಸು ಅದರ ಹಿಂದೆ ಹೋಗುತ್ತದೆ, ಆಗ ಟಿಕ್ಕು, ಗೊರಗೊರ, ಸೀಳು ಯಾವುದೂ ಕೇಳಿಸುವುದಿಲ್ಲ. ಒಂದು ವರ್ಷ ಹೆಣಗಿದ ಮೇಲೆ ಕಿವಿಯಮ್ಮನಿಗೆ ಅದು ಒಲಿಯಿತು. ಒಲಿದದ್ದು ಮತ್ತೆ ಬಿಡಲಿಲ್ಲ. ಮಾತುಗಳು ಪಕ್ಕದ ಮನೆಯವರ ಹರಟೆಯ ಹಾಗೆ ಆಚೆಯಿಂದಾಚೆ ಹೋಗುತ್ತಿದ್ದವು. ಬಸ್ಸಿನಲ್ಲಿ ಹಾಡು ಹಾಕಿದರೂ ಅವಳಿಗೆ ಕೇಳಿಸುತ್ತಿದ್ದದ್ದು ಹರಿದ ಸ್ಪೀಕರು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದೇ ಒಂದು ಹಾಡು ಕೇಳಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ಹೇಳಿಕೊಳ್ಳುವುದಕ್ಕೆ ಅದೇನು ಹೆಮ್ಮೆಯ ವಿಷಯವೂ ಅಲ್ಲ.

ಅಣ್ಣನಿಗಂತೂ ಹೇಳುವ ಬಾಯಿ ಬರಲಿಲ್ಲ. ಅವನು ವೇದಿಕೆ ಮೇಲೆ ನಿಂತು, ಪ್ರಪಂಚದಲ್ಲಿ ನಮ್ಮ ಹಾಡನ್ನ ಮೊದಲು ಕೇಳೋಳು ನನ್ನ ತಂಗಿ, ಅವಳು ಪಾಸು ಮಾಡಿದರೇನೇ ನಿಮಗೆ ಎಂದು ಕೊಚ್ಚಿಕೊಳ್ಳುತ್ತಿದ್ದ. ದೊಡ್ಡ ಊರಿನ ಕಾರ್ಖಾನೆಗಳು ಕರೆದರೂ ಹರಕುಬಾಯಿಯ ಅಚ್ಚು ಇಲ್ಲಿಗೇ ಬರುತ್ತಿತ್ತು. ಪ್ರತಿ ಸಲ ಮನೆಗೆ ಬಂದು, ಕೇಳಿದ್ಯಾ ಎಂದು ಕೇಳುತ್ತಿದ್ದ. ಕೇಳಿದೆ, ಶುದ್ಧವಾಗಿದೆ ಅನ್ನುತ್ತಿದ್ದಳು. ಸುಳ್ಳೇನಲ್ಲ. ಅವನು ಅದನ್ನು ಹೊಗಳಿಕೆ ಎಂದುಕೊಂಡು ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದ.

ಮಾತು ಮುರಿದದ್ದು ಅಮ್ಮನ ಸಾವಿನಲ್ಲಿ. ಅಮ್ಮ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಅವನು ಬ್ಯಾಂಡಿನ ಜೊತೆ ಊರೂರು ಸುತ್ತುತ್ತಿದ್ದ. ತಂಗಿ ಮೂರು ಸಲ ಫೋನು ಮಾಡಿದಳು. ಹಿಂದೆ ಎರಡು ಸಲ ಹೀಗೇ ಆಗಿ ಅಮ್ಮ ಎದ್ದು ಕೂತಿದ್ದಳಲ್ಲ, ಈ ಸಲವೂ ಏಳುತ್ತಾಳೆ, ಕೊನೆಯ ಕಾರ್ಯಕ್ರಮ ಮುಗಿಸಿ ಬರುತ್ತೇನೆ ಅಂದ. ಬಂದ, ಎಲ್ಲ ಮುಗಿದ ಮರುದಿನ. ಭುಜದಲ್ಲಿ ಚೀಲ, ಊದಿದ ಕಣ್ಣು. ಬಾಗಿಲಲ್ಲಿ ನಿಂತಿದ್ದ ತಂಗಿ ಒಳಗೆ ಬಾ ಅನ್ನಲಿಲ್ಲ.

"ನೀನು ಸತ್ತಾಗ ನಾನೂ ಒಂದು ದಿನ ತಡವಾಗೇ ಬರ್ತೀನಿ," ಅಂದಳು.

ಅವನು ಭುಜದ ಚೀಲವನ್ನು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದ. ಆಡಿದ ಮಾತು ತಿರುಗಿ ಬಾಯಿಗೆ ಹೋಗುವುದಿಲ್ಲ. ಅವಳು ಆ ರಾತ್ರಿಯೇ ಅತ್ತಳು, ಆಮೇಲೆ ಎಷ್ಟೋ ಸಲ ಅತ್ತಳು, ಆದರೆ ತಾನಾಗಿ ಹೋಗಲಿಲ್ಲ. ಒಂದು ಸಲ, ಒಂದೇ ಒಂದು ಸಲ ಅವನು ಕರೆದರೆ ಸಾಕು, ಉಟ್ಟ ಬಟ್ಟೆಯಲ್ಲಿ ಹೋಗುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದಳು. ಅವನು ಕರೆಯಲಿಲ್ಲ. ಆರು ವರ್ಷ ಇಬ್ಬರೂ ಸೆಟೆದುಕೊಂಡೇ ಕಳೆದರು, ಒಂದೇ ಅಮ್ಮನ ಮಕ್ಕಳು ನೋಡಿ.

ಆಮೇಲೆ ಹರಕುಬಾಯಿಯ ಹತ್ತನೇ ಆಲ್ಬಮ್ ಬಂತು. ಜಗಳದ ನಂತರ ಅದೇ ಮೊದಲನೆಯದು. ಹೆಸರು, ಇನ್ನೂ ಇದ್ದೀವಿ. ಜೊತೆಗೆ ಹೊದಿಕೆಯ ಚಿತ್ರದ ನಕಲು ಇತ್ತು. ಮೂವರು ನಿಂತಿದ್ದರು, ಅಣ್ಣ ಕುರ್ಚಿಯಲ್ಲಿ ಕೂತಿದ್ದ. ಕೊರಳೆಲುಬು ಎದ್ದು ಕಾಣುತ್ತಿತ್ತು. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಇನ್ನೂ ಹುಡುಗಾಟ ಎಂದು ಕಿವಿಯಮ್ಮ ಸಿಟ್ಟಾದಳು. ಸಿಟ್ಟಾದದ್ದು ಸುಮ್ಮನೆ, ಪಾರ್ಸೆಲ್ಲಿನ ಪೆಟ್ಟಿಗೆಯನ್ನು ಬೋರಲು ಹಾಕಿ ತನಗೇನಾದರೂ ಚೀಟಿ ಇದೆಯೇ ಎಂದು ಹುಡುಕಿದಳು. ರಟ್ಟಿನ ಮಡಿಕೆಗಳನ್ನೂ ಬಿಡಿಸಿ ನೋಡಿದಳು. ಏನೂ ಇರಲಿಲ್ಲ. ಕಾರ್ಖಾನೆಯ ಮಾಮೂಲಿ ಅರ್ಜಿ ಇತ್ತು, ಅದರಲ್ಲಿ ವಿಶೇಷ ಸೂಚನೆ ಎಂಬ ಜಾಗದಲ್ಲಿ ಅಣ್ಣನ ಕೋಳಿಕಾಲಿನ ಅಕ್ಷರದಲ್ಲಿ ಒಂದು ಸಾಲು: ಕೇಳುವವರು ಕೊನೆಯವರೆಗೂ ಕೇಳಬೇಕು.

ಅವಳಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಯಾವ ಪ್ಲೇಟನ್ನು ಅರ್ಧಕ್ಕೆ ಬಿಟ್ಟಿದ್ದೇನೆ? ಆರು ವರ್ಷದ ಮೇಲೆ ಬರೆದ ಒಂದು ಮಾತು, ಅದೂ ನನ್ನ ಕೆಲಸ ನನಗೆ ಕಲಿಸುವುದಕ್ಕೆ. ಆಯಿತು, ಕೇಳುತ್ತೇನೆ, ಹೇಗೆ ಕೇಳುತ್ತೇನೆ ನೋಡುತ್ತಿರು ಎಂದುಕೊಂಡು ಹೆಡ್‌ಫೋನು ಏರಿಸಿದಳು.

ಮೊದಲ ಬದಿ ಶುದ್ಧವಾಗಿತ್ತು. ಎರಡನೇ ಬದಿಯಲ್ಲಿ ಮೂರು ಹಾಡಿನವರೆಗೂ ತಂಟೆಯಿಲ್ಲ. ಕೊನೆಯ ಹಾಡು ಮಾತ್ರ ನಿಧಾನದ್ದು, ಗಿಟಾರೊಂದೇ ಇತ್ತು, ಹಾಡುವವನ ಉಸಿರು ಜೋರಾಗಿ ಕೇಳುತ್ತಿತ್ತು. ಉಸಿರು ಪ್ಲೇಟಿನ ದೋಷವಲ್ಲ, ಟೇಪಿನಲ್ಲೇ ಇದ್ದದ್ದು, ಬಿಟ್ಟಳು. ಪ್ಲೇಟಿನ ನಡುವಿಗೆ ಬಂದಂತೆ ಗೆರೆಯ ಸುತ್ತು ಚಿಕ್ಕದಾಗುತ್ತದೆ, ಮುಳ್ಳಿಗೆ ಜಾಗ ಸಾಲುವುದಿಲ್ಲ. ಸ, ಶ ಎಂಬ ಅಕ್ಷರಗಳು ಅಲ್ಲಿ ಹರಿದು ಕೇಳುವುದು ಎಲ್ಲ ಪ್ಲೇಟಿನ ರೋಗ. ಮೂರು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ ಅದೇ ಆಯಿತು. ಒಂದರ ಹಿಂದೆ ಒಂದು ಎರಡು ಸಕಾರ, ಬ್ಲೇಡಿನಿಂದ ಬಟ್ಟೆ ಸೀಳಿದ ಹಾಗೆ. ಮುಳ್ಳೆತ್ತಿ ಹಿಂದಕ್ಕಿಟ್ಟು ಮತ್ತೆ ಕೇಳಿದಳು. ಐದು ಸಲ ಕೇಳಿದಳು. ಐದು ಸಲವೂ ಸೀಳಿತು.

ಯಂತ್ರ ನಡೆಸುವ ಅಚ್ಚಿನವನು ಇಣುಕಿ, ಬಿಡಮ್ಮ, ಅವರು ಹಾಡೋದೇ ಹರಕು, ಅದರಲ್ಲಿ ಒಂದು ಸೀಳು ಯಾರಿಗೆ ಗೊತ್ತಾಗುತ್ತೆ ಅಂದ. ಬೇರೆ ಬ್ಯಾಂಡಾಗಿದ್ದರೆ ಅವಳು ನಿಜವಾಗಿಯೂ ಬಿಡುತ್ತಿದ್ದಳೇನೋ. ಅಣ್ಣನದಾದ್ದರಿಂದ ಬಿಡಲಾಗಲಿಲ್ಲ. ಅವನಿಗೆಂದು ಅವಳು ಮಾಡಬಹುದಾಗಿದ್ದದ್ದು ಇನ್ನೇನೂ ಉಳಿದಿರಲಿಲ್ಲ. ಅಡುಗೆ ಮಾಡಿ ಬಡಿಸುವಂತಿಲ್ಲ, ಜ್ವರ ಬಂದರೆ ಹೋಗಿ ನೋಡುವಂತಿಲ್ಲ, ಅವನ ಪ್ಲೇಟು ಶುದ್ಧವಾಗಿ ಹೊರಗೆ ಹೋಗುವ ಹಾಗೆ ನೋಡಿಕೊಳ್ಳಬಹುದಿತ್ತು. ಕಾರ್ಡಿನಲ್ಲಿ ಜಾಗ ಬರೆದು, ಯಾವಾಗಲೂ ಬರೆಯುವ ಮಾತನ್ನೇ ಬರೆದಳು: ಸಕಾರ ಸೀಳುತ್ತಿದೆ. ಮೃದು ಮಾಡಿ ಅಥವಾ ತೆಗೆಯಿರಿ. ತಿರಸ್ಕೃತ ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದಳು.

ಬ್ಯಾಂಡಿಗೆ ಹೋಗುವುದು ಕಾರ್ಡು ಮಾತ್ರ, ತಿರಸ್ಕೃತವಾದ ಪ್ಲೇಟು ಕಾರ್ಖಾನೆಯಿಂದ ಹೊರಗೆ ಹೋಗುವಂತಿಲ್ಲ. ಅಚ್ಚನ್ನು ಗುಜರಿಗೆ ಹಾಕಬೇಕು, ಪ್ಲೇಟಿನ ನಡುವಿನ ಕಾಗದ ಕೊರೆದು ತೆಗೆದು ಉಳಿದದ್ದನ್ನು ಪುಡಿ ಮಾಡುವ ಯಂತ್ರಕ್ಕೆ ಹಾಕಬೇಕು. ಆ ಪುಡಿ ಹೊಸ ಪ್ಲಾಸ್ಟಿಕ್ಕಿನ ಜೊತೆ ಕಲೆತು ಮತ್ತೆ ಪ್ಲೇಟಾಗುತ್ತದೆ. ಕೇಳಿದವರ ಕೈಯಿಂದಲೇ ಹಾಕಿಸುವುದು ಅಲ್ಲಿನ ಪದ್ಧತಿ. ಕಿವಿಯಮ್ಮ ಮೂರನ್ನೂ ಒಂದೊಂದಾಗಿ ಹಾಕಿದಳು.

ಹನ್ನೆರಡು ದಿನಕ್ಕೆ ಹೊಸ ಅಚ್ಚು ಬಂತು. ಮೂರು ನಿಮಿಷ ಹನ್ನೆರಡನೇ ಸೆಕೆಂಡಿನಲ್ಲಿ ಸೀಳು ಹೋಗಿತ್ತು, ಎಳೆದ ಉಸಿರೊಂದು ಮಾತ್ರ ಇತ್ತು. ದೋಷವಿಲ್ಲ ಎಂದು ಸಹಿ ಹಾಕಿದಳು. ಪೆಟ್ಟಿಗೆ ಬೋರಲು ಹಾಕಿದಳು, ಈ ಸಲವೂ ಚೀಟಿಯಿರಲಿಲ್ಲ. ಆದರೂ ಅವಳ ಮನಸ್ಸು ಹಗುರಾಯಿತು. ಹಠಮಾರಿ ಅಣ್ಣ ಒಂದು ಮಾತೂ ಎದುರಾಡದೆ ತಿದ್ದಿ ಕಳಿಸಿದ್ದಾನೆ ಎಂದರೆ ಸಿಟ್ಟು ಇಳಿದಿದೆ ಎಂದೇ ಅರ್ಥ. ಇನ್ನೇನು ಕರೆಯುತ್ತಾನೆ. ಆವತ್ತಿನಿಂದ ಫೋನನ್ನು ಚೀಲದಲ್ಲಿಡದೆ ಮೇಜಿನ ಮೇಲೆ, ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳತೊಡಗಿದಳು.

ಮೂರು ವಾರ ಕಳೆದು ಒಂದು ಮಧ್ಯಾಹ್ನ ಬಂದದ್ದು ಫೋನಲ್ಲ, ಕುಳ್ಳ. ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವನು, ಚಿಕ್ಕಂದಿನಲ್ಲಿ ಅವರ ಬೀದಿಯವನೇ. ಗೇಟಿನಲ್ಲಿ ಹೆಸರು ಬರೆಸಿ ಸೀದಾ ಅವಳ ಕೋಣೆಗೆ ಬಂದು ನಿಂತ. ಅವಳಿಗೆ ಸಂತೋಷವಾಯಿತು. ತಾನು ಬರಲು ನಾಚಿಕೊಂಡು ಇವನನ್ನು ಕಳಿಸಿದ್ದಾನೆ ಎಂದುಕೊಂಡಳು. ಕೂತ್ಕೋ ಕುಳ್ಳಣ್ಣ ಎಂದು ಸ್ಟೂಲು ಎಳೆದಳು. ಅವನು ಕೂರಲಿಲ್ಲ.

"ನಿನ್ನೆ ಎಲ್ಲ ಮುಗೀತು," ಅಂದ.

ಏನು ಮುಗಿಯಿತೆಂದು ಅವನ ಮುಖ ನೋಡಿ ಗೊತ್ತಾಗಿತ್ತು. ಮೇಜಿನ ಅಂಚು ಹಿಡಿದುಕೊಂಡಳು. ಕುಳ್ಳ ಬೇರೆ ಯಾರದೋ ವಿಷಯ ಓದಿ ಹೇಳುವವನ ಹಾಗೆ ಹೇಳಿದ. ಶ್ವಾಸಕೋಶ. ಗೊತ್ತಾಗಿ ಒಂದು ವರ್ಷವಾಗಿತ್ತು. ಆಲ್ಬಮ್ ಮುಗಿಯುವವರೆಗೆ ಔಷಧಿಯಲ್ಲಿ ದೂಡಿದರು, ಮುಗಿದ ಮೇಲೆ ದೇಹವೂ ಕೈಬಿಟ್ಟಿತು. ಮೊನ್ನೆ ಬೆಳಗ್ಗೆ ಹೋದ, ನಿನ್ನೆ ಸುಟ್ಟು ಬಂದೆವು ಅಂದ.

ನನಗೇಕೆ ಹೇಳಲಿಲ್ಲ ಎಂದು ಅವಳ ಬಾಯಿಂದ ಹೊರಟಿತು. ಅಲ್ಲಿಯವರೆಗೆ ತಡೆದಿದ್ದ ಕುಳ್ಳನ ಸಿಟ್ಟು ಆಗ ಹೊರಬಿತ್ತು. ಆದರೆ ಕೂಗಲಿಲ್ಲ. ಮೂವತ್ತೊಂದು ವರ್ಷ ಡ್ರಮ್ಮು ಬಡಿದವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ಬರಲ್ಲ ಅಂದಿದ್ರೆ ಸಾಕಿತ್ತು ಕಣಮ್ಮ. ನಾವು ಅರ್ಥ ಮಾಡ್ಕೋತಿದ್ವಿ. ಹೆಸರನ್ನೇ ತೆಗೀರಿ ಅಂತ ಯಾಕೆ ಬರೆದೆ?"

"ಯಾವ ಹೆಸರು?"

ನಾಟಕ ಆಡಬೇಡ ಎಂಬಂತೆ ನೋಡಿ, ಅವನು ಜೇಬಿನಿಂದ ಹಳದಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ನಾಲ್ಕು ಮಡಿಕೆಯಾಗಿತ್ತು, ಮಡಿಕೆಯಲ್ಲಿ ಸವೆದಿತ್ತು. ನಿಮ್ಮಣ್ಣ ದಿಂಬಿನ ಕೆಳಗೆ ಇಟ್ಕೊಂಡಿದ್ದ ಅಂದ. ಎರಡನೇ ಬದಿ, ಕೊನೆಯ ಹಾಡು, ಮೂರು ನಿಮಿಷ ಹನ್ನೆರಡು ಸೆಕೆಂಡು. ಮೃದು ಮಾಡಿ ಅಥವಾ ತೆಗೆಯಿರಿ. ಕೆಳಗೆ ಅವಳದೇ ಸಹಿ.

ಕುಳ್ಳ ಹೇಳುತ್ತಾ ಹೋದ. ನಾವೆಲ್ಲ ಫೋನು ಮಾಡೋಣ ಅಂದೆವು, ಅವನು ಆಣೆ ಹಾಕಿಸಿಕೊಂಡ. ನಾನು ಫೋನಲ್ಲಿ ಕರೆದರೆ ರೋಗಕ್ಕೆ ಹೆದರಿ ಬರುತ್ತಾಳೆ, ನನಗೆ ಹಾಗೆ ಬೇಡ, ಪ್ಲೇಟಿನಲ್ಲಿ ಕರೆದಿದ್ದೇನೆ, ಎಲ್ಲರಿಗಿಂತ ಮೊದಲು ಅವಳೇ ಕೇಳುತ್ತಾಳೆ, ಕೊನೆಯವರೆಗೂ ಕೇಳು ಅಂತಲೂ ಬರೆದಿದ್ದೇನೆ ಅಂದ. ಕಾರ್ಡು ಬಂದ ದಿನ ಅದನ್ನು ಎರಡು ಸಲ ಓದಿ ನಾಲ್ಕಾಗಿ ಮಡಿಸಿದ. ಆಮೇಲೆ, ಸರಿ ತೆಗೆಯೋಣ ಅಂದ. ಹರಕುಬಾಯಿ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಂದು ಹಾಡನ್ನು ತಿದ್ದಿತು. ಸ್ಟೂಲಿನ ಮೇಲೆ ಕೂರಿಸಿ, ಮೂಗಿನಿಂದ ಆಮ್ಲಜನಕದ ನಳಿಗೆ ತೆಗೆದು, ಅದೇ ಟೇಪಿನ ಅದೇ ಜಾಗದ ಮೇಲೆ ಹಾಡಿಸಿದರು. ಹೆಸರಿದ್ದ ಜಾಗಕ್ಕೆ ಬೇರೆ ಯಾವ ಮಾತನ್ನೂ ಕೂರಿಸಲು ಅವನಿಗೆ ಆಗಲಿಲ್ಲ. ಉಸಿರೆಳೆದು ಬಿಟ್ಟ. ಹಳೆಯದು ಅದರ ಕೆಳಗೆ ಅಳಿಸಿಹೋಯಿತು.

ಕಿವಿಯಮ್ಮ ಕಾರ್ಡಿನಲ್ಲಿದ್ದ ತನ್ನ ಸಹಿಯ ಮೇಲೆ ಬೆರಳಿಟ್ಟಳು.

"ನಾನು ಹಾಡು ಕೇಳಲ್ಲ ಕುಳ್ಳಣ್ಣ," ಅಂದಳು. "ಪ್ಲೇಟು ಕೇಳ್ತೀನಿ ಅಷ್ಟೆ. ಮಾತು ಕಿವಿಗೆ ಬೀಳಲ್ಲ. ನಿಮ್ಮದು ಅಂತಲ್ಲ, ಯಾರದೂ ಬೀಳಲ್ಲ."

ಕುಳ್ಳನಿಗೆ ಇದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಹಿಂದಿನ ಆಲ್ಬಮ್ಮುಗಳೂ ಇಲ್ವಾ ಎಂದು ಕೇಳಿದ. ಅವೂ ಇಲ್ಲ ಅಂದಳು. ಅವಳ ಕಾಲದಲ್ಲಿ ಬಂದ ಅಷ್ಟೂ ಆಲ್ಬಮ್ಮಿನಲ್ಲಿ ಒಂದು ಸಾಲೂ ಇಲ್ಲ. ಆಗ ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಸಿಟ್ಟು ಮಾಡಿಕೊಂಡು ಬಂದವನಿಗೆ ಅದನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಬರೀ ಅಂಗೈ ನೋಡಿಕೊಂಡ.

"ಏನಂತ ಇತ್ತು?" ಅಂದಳು.

ಅವನು ಹಾಡಲಿಲ್ಲ, ಹೇಳಿದ.

"ಒಂದು ದಿನ ಮೊದಲೇ ಬಾ, ಸಾಸಿವೆ."

ಆರು ವರ್ಷದ ಮೇಲೆ ಆ ಹೆಸರು ಅವಳ ಕಿವಿಗೆ ಬಿತ್ತು, ಅದೂ ಬೇರೆಯವನ ಬಾಯಿಂದ. ಕಚ್ಚಲಿಲ್ಲ. ಎರಡು ಸಕಾರ, ಒಂದರ ಹಿಂದೆ ಒಂದು. ಐದು ಸಲ ಮುಳ್ಳೆತ್ತಿ ಇಟ್ಟು ಐದು ಸಲವೂ ಕೇಳಿದ್ದಳು. ಐದು ಸಲ ಕರೆದಿದ್ದ.

ಆ ಮೊದಲಿನ ಪ್ಲೇಟು ಒಂದಾದರೂ ಇದೆಯಾ, ನಮ್ಮ ಹತ್ತಿರ ಟೇಪೂ ಇಲ್ಲ ಎಂದು ಕುಳ್ಳ ಕೇಳಿದ. ಅವಳು ತೆರೆದ ಬಾಗಿಲಿನಾಚೆ ನೋಡಿದಳು. ಪುಡಿ ಯಂತ್ರ ಗರಗರ ಅನ್ನುತ್ತಿತ್ತು. ಆ ಮೂರು ಪ್ಲೇಟಿನ ಪುಡಿ ಇಷ್ಟು ಹೊತ್ತಿಗೆ ಮಕ್ಕಳ ಕಥೆಯ ಪ್ಲೇಟಾಗಿರಬಹುದು, ಯಾವನದೋ ಮದುವೆಮನೆ ವಾದ್ಯವಾಗಿರಬಹುದು, ಯಾವ ಊರಿನ ಯಾವ ಮನೆಯ ಕಪಾಟು ಸೇರಿದೆಯೋ. ಕುಳ್ಳನೂ ಅವಳ ಕಣ್ಣು ಹೋದ ಕಡೆ ನೋಡಿ ಎದ್ದ. ಹೋಗುವಾಗ ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟ. ಕಾರ್ಡನ್ನು ಮೇಜಿನ ಮೇಲೆಯೇ ಬಿಟ್ಟುಹೋದ.

ಅವನು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಮೇಲ್ವಿಚಾರಕ ಓಡುತ್ತಾ ಬಂದ. ಸುದ್ದಿ ಎಲ್ಲ ಕಡೆ ಹರಡಿದೆ, ಅಂಗಡಿಗಳಲ್ಲಿ ಇನ್ನೂ ಇದ್ದೀವಿ ಒಂದೂ ಉಳಿದಿಲ್ಲ, ಇನ್ನೂ ನಾಲ್ಕು ಸಾವಿರ ಹೊಡೆಯಬೇಕು, ಯಂತ್ರ ಬಿಸಿಯಾಗಿದೆ, ಬೇಗ ಒಂದು ಸಹಿ ಅಂದ. ಹಾಡುವವನು ಅವಳ ಅಣ್ಣ ಎಂಬುದು ಹೊಸದಾಗಿ ಬಂದ ಅವನಿಗೆ ಗೊತ್ತಿರಲಿಲ್ಲ. ಇನ್ನೂ ಬೆಚ್ಚಗಿದ್ದ ಪ್ಲೇಟನ್ನು ಮೇಜಿನ ಮೇಲಿಟ್ಟು ಬಾಗಿಲಲ್ಲಿ ನಿಂತ.

ಕಿವಿಯಮ್ಮ ಹೆಡ್‌ಫೋನು ಏರಿಸಿ ಎರಡನೇ ಬದಿಯ ಕೊನೆಯ ಹಾಡಿಗೆ ಮುಳ್ಳಿಟ್ಟಳು. ಈ ಸಲ ಹಾಡು ಕೇಳಬೇಕು, ಬೇರೆ ಏನೂ ಬೇಡ ಎಂದು ಕಣ್ಣು ಮುಚ್ಚಿದಳು. ಆಗಲಿಲ್ಲ. ಎಷ್ಟು ಎಳೆದು ತಂದರೂ ಕಿವಿ ಮಾತನ್ನು ಬಿಟ್ಟು ಗೆರೆಯ ಹಿಂದೆಯೇ ಹೋಗುತ್ತಿತ್ತು. ಅಂಚಿನಲ್ಲಿ ಸಣ್ಣ ಧೂಳು, ಎಡಗಡೆ ತುಸು ಭಾರ, ಎರಡೂ ಮಿತಿಯೊಳಗೆ. ಅಣ್ಣ ಅಲ್ಲೇ, ಕಿವಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ ಏನೋ ಹೇಳುತ್ತಿದ್ದ, ಅವಳಿಗೆ ಒಂದು ಮಾತೂ ಹತ್ತುತ್ತಿರಲಿಲ್ಲ. ಗಡಿಯಾರದ ಮುಳ್ಳು ಮೂರು ನಿಮಿಷ ದಾಟಿತು. ಹತ್ತು. ಹನ್ನೊಂದು. ಹನ್ನೆರಡರಲ್ಲಿ ಆ ಉಸಿರು ಬಂತು, ತಳದಲ್ಲಿ ಸಣ್ಣಗೆ ಗೊರಗುಟ್ಟುತ್ತಾ. ಮುಗಿಯುವವರೆಗೆ ಕೇಳಿದಳು.

ಮುಳ್ಳು ನಡುವಿನ ಖಾಲಿ ಗೆರೆಯಲ್ಲಿ ಸುತ್ತತೊಡಗಿತು. ಮೇಲ್ವಿಚಾರಕ ಹೇಗಿದೆಯಮ್ಮ ಎಂದು ಕೇಳಿದ. ಅವಳು ಕಾರ್ಡು ಎಳೆದುಕೊಂಡು ದೋಷದ ಸಾಲಿನ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಪ್ಲೇಟಿನಲ್ಲಿ ದೋಷವಿರಲಿಲ್ಲ. ಹಾಗೆಂದೇ ಗುರುತು ಹಾಕಿ, ಸಹಿ ಮಾಡಿ ಕೊಟ್ಟಳು. ಆಚೆ ಯಂತ್ರ ಶುರುವಾಯಿತು.